ಮೊದಲ ಮಗ್ಗುಲಿನ ಕೊನೆಯ ಹಾಡು

ಆ ವಹಿಯಲ್ಲಿ ನಾವು ನಾಲ್ಕು ಜನ ಬರೆಯುತ್ತಿದ್ದೆವು. ಬೈಲಹೊಂಗಲದಿಂದ ನಾನು, ಕಿತ್ತೂರಿನಿಂದ ಒಬ್ಬ ಶಾಲಾ ಶಿಕ್ಷಕಿ, ಸವದತ್ತಿಯಿಂದ ನನ್ನ ಕಾಲೇಜಿನ ಗೆಳೆಯ, ಕೊನೆಗೆ ರಾಮದುರ್ಗದ ಹಿರಿಯರು. ಈ ಹಿರಿಯರು ಪುಣೆಯಲ್ಲಿ ನೌಕರಿ ಮುಗಿಸಿ ಊರಿಗೆ ಮರಳುವಾಗ ಒಂದು ಟ್ರಂಕಿನ ತುಂಬ ಇಂಗ್ಲಿಷ್ ರಾಕ್ ಸಂಗೀತದ ಕ್ಯಾಸೆಟ್ಟುಗಳನ್ನು ತಂದಿದ್ದರು. ಕ್ಯಾಸೆಟ್ಟೂ ವಹಿಯೂ ಬಸ್ ಕಂಡಕ್ಟರರ ಕೈಯಲ್ಲಿ ಇದೇ ಸರದಿಯಂತೆ ಊರಿಂದೂರಿಗೆ ಹೋಗುತ್ತಿದ್ದವು. ಕೇಳಿದವರು ಅಭಿಪ್ರಾಯ ಬರೆದು ಮುಂದಕ್ಕೆ ಕಳಿಸಬೇಕು. ಹಾಳೆ ಹರಿಯುವಂತಿಲ್ಲ, ಮನಸ್ಸು ಬದಲಾದರೆ ಕೆಳಗೆ ಬರೆಯಬೇಕು. ಕೇಳದೆ ಬರೆದವರು ಹೊರಗೆ. ಮೊದಲು ನಮ್ಮ ಜೊತೆಗಿದ್ದ ನೇಸರಗಿಯ ಒಬ್ಬರು ಯಾವುದೋ ಪತ್ರಿಕೆ ನೋಡಿಕೊಂಡು ಬರೆದಿದ್ದರು. ಅವರ ಪುಟದ ಕೆಳಗೆ ಹಿರಿಯರು ‘ಇದು ಕೇಳಿ ಬರೆದದ್ದಲ್ಲ’ ಎಂದಷ್ಟೇ ಬರೆದರು. ಆಮೇಲೆ ವಹಿ ನೇಸರಗಿಗೆ ಹೋಗಲಿಲ್ಲ.

ತೊಂಬತ್ತರ ದಶಕದ ಕೊನೆ ಇರಬೇಕು. ಮಳೆಗಾಲವಾಗಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಬಸ್ಸಿನ ಕಿಟಕಿಯಿಂದ ಧೂಳು ಬಂದು ಕಣ್ಣು ಉರಿದದ್ದೂ ನೆನಪಿದೆ. ಎರಡರಲ್ಲಿ ಒಂದು ನಾನು ಆಮೇಲೆ ಸೇರಿಸಿಕೊಂಡದ್ದು.

ಆ ಸಲ ಬಂದದ್ದು ಒಂದು ತಂಡದ ಎರಡನೆಯ ಆಲ್ಬಂ. ಮೊದಲನೆಯದರಲ್ಲಿ ಮೂರು ಮೂರು ನಿಮಿಷದ ಹಾಡುಗಳು, ಯಾರಾದರೂ ಗುನುಗಬಹುದಾದವು. ಮೂರನೆಯದರಲ್ಲಿ ಕ್ಯಾಸೆಟ್ಟಿನ ಒಂದು ಮಗ್ಗುಲು ತುಂಬ ಒಂದೇ ಹಾಡು ಇದೆಯೆಂದು ಹಿರಿಯರು ಹೇಳಿದ್ದರು. ನಡುವಿನ ಈ ಆಲ್ಬಂ ಎರಡೂ ಅಲ್ಲ. ಹಾಡು ಶುರುವಾಗುತ್ತದೆ, ಅರ್ಧಕ್ಕೆ ಬಂದು ದಾರಿ ಮರೆತವರ ಹಾಗೆ ನಿಲ್ಲುತ್ತದೆ, ಆರ್ಗನ್ ಬೇರೆ ಕಡೆ ಎಳೆಯುತ್ತದೆ, ಡ್ರಮ್ ಒಪ್ಪುವುದಿಲ್ಲ. ಇದು ತಂಡದ ಸೋಲೇ, ಮುಂದಿನದಕ್ಕೆ ಬಾಗಿಲೇ ಎಂಬುದೇ ಆ ಸುತ್ತಿನ ಪ್ರಶ್ನೆ. ಯಾರ ಕಿವಿಯನ್ನು ಹಿರಿಯರು ನಂಬುತ್ತಾರೋ ಅವರಿಗೆ ಮೂರನೆಯ ಆಲ್ಬಂ ಮೊದಲು ಹೋಗುತ್ತಿತ್ತು.

ನಾನು ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಒಂದು ಪ್ರತಿ ಮಾಡಿಸಿಕೊಂಡು, ಅದನ್ನೇ ವಾರಗಟ್ಟಲೆ ಕೇಳಿದೆ. ಮೂರು ಪುಟ ಬರೆದೆ. ಮೊದಲ ಮಗ್ಗುಲಿನ ಕೊನೆಯ ಹಾಡೇ ಇಡೀ ಆಲ್ಬಮ್ಮಿನ ಕೀಲಿ ಎಂದೆ. ಅದರಲ್ಲಿ ಮಾತಿಲ್ಲ, ಡ್ರಮ್ ಇಲ್ಲ. ಹಾರ್ಮೋನಿಯಂ ತರಹದ ಒಂದೇ ವಾದ್ಯ ನಿಧಾನವಾಗಿ ಏರಿ ಇಳಿಯುತ್ತದೆ, ಸ್ವರಗಳ ಕೆಳಗೆ ಉಸಿರು ಕೇಳುತ್ತದೆ. ‘ತಂಡ ತನ್ನ ಅನುಮಾನವನ್ನೇ ನುಡಿಸುತ್ತಿದೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಆ ಪ್ರತಿಯಿಂದ ಇನ್ನೊಂದು ಪ್ರತಿಯನ್ನು ಸವದತ್ತಿಯ ಗೆಳೆಯನಿಗೆ ಮಾಡಿಸಿಕೊಟ್ಟೆ. ವಹಿಯನ್ನೂ ಮೂಲ ಕ್ಯಾಸೆಟ್ಟನ್ನೂ ಕಿತ್ತೂರಿನ ಬಸ್ಸಿಗೆ ಹಾಕಿದೆ.

ಎಂಟು ದಿನಕ್ಕೆ ಖಾಲಿ ಕ್ಯಾಸೆಟ್ಟು ತರಲು ಅದೇ ಅಂಗಡಿಗೆ ಹೋದಾಗ, ಒಳಗಿನಿಂದ ಆ ಹಾಡು ಕೇಳಿಸಿತು. ಟೇಪಿನಿಂದಲ್ಲ. ಅಂಗಡಿಯ ಸಾಹೇಬರು ನೆಲದ ಮೇಲೆ ಕುಳಿತು, ಬಿಚ್ಚಿ ಜೋಡಿಸಿದ ಹಾರ್ಮೋನಿಯಮ್ಮಿನ ಮೇಲೆ ಅದನ್ನು ನುಡಿಸುತ್ತಿದ್ದರು. ಕ್ಯಾಸೆಟ್ ತುಂಬುವುದರ ಜೊತೆಗೆ ಭಜನಾ ಮಂಡಳಿಗಳ ಪೇಟಿ ರಿಪೇರಿ ಮಾಡುವುದೂ ಅವರ ಕಸುಬು.

“ಇದು ಯಾವ ಹಾಡ್ರಿ?” ಎಂದೆ.

“ಹಾಡೇನಲ್ಲ. ರಿಪೇರಿ ಆದ ಮ್ಯಾಲ ಎಲ್ಲಾ ಸ್ವರದ ಮನಿ ಮುಟ್ಟಿ ನೋಡಬೇಕಲ್ರಿ, ಅದಕ್ಕ ನಮ್ಮ ಅಬ್ಬಾ ಹಚ್ಚಿಕೊಟ್ಟ ಧಾಟಿ. ನಿಮ್ಮ ಇಂಗ್ಲಿಷ್ ಕ್ಯಾಸೆಟ್ಟಿನ್ಯಾಗೂ ಐತಲ್ಲ.”

“ನಮ್ಮ ಕ್ಯಾಸೆಟ್ಟಿನ್ಯಾಗ ಯಾಕ ಬಂತ್ರಿ?”

“ಒಂದನೇ ಮಗ್ಗುಲಿಗೆ ನಾಕ ಮಿಂಟ್ ಟೇಪ್ ಉಳದಿತ್ತು. ಖಾಲಿ ಹೆಂಗ ಕೊಡ್ಲಿ? ಭಜನಿ ಕ್ಯಾಸೆಟ್ಟಾದ್ರ ಭಜನಿ ತುಂಬತೇನಿ. ನಿಮ್ಮದಕ್ಕ ಏನ್ ಹೊಂದತೈತಿ ಅಂತ ಭಾಳ ವಿಚಾರ ಮಾಡಿ ಇದನ್ನ ಹಾಕೇನಿ. ಹೊಂದಿಲ್ಲೇನು?”

“ಹೊಂದೈತ್ರಿ,” ಎಂದೆ. “ಆ ಉಸಿರಿನ ಸಪ್ಪಳ?”

“ಆ ಪೇಟಿದು ತಿದಿ ಸೋರತಿತ್ತು. ಆಮ್ಯಾಲ ಚರ್ಮ ಬದಲ ಮಾಡಿ ಕೊಟ್ಟೇನ್ರಿ ಅವ್ರಿಗೆ.”

ವಹಿ ರಾಮದುರ್ಗ ಮುಟ್ಟುವುದರೊಳಗೆ ನನ್ನ ಪುಟಗಳ ಕೆಳಗೆ ನಾನೇ ತಪ್ಪೊಪ್ಪಿಕೊಂಡು ಬರೆಯಬೇಕಿತ್ತು. ಇಲ್ಲವಾದರೆ ಅಲ್ಲಿ ಬೀಳುವುದು ನೇಸರಗಿಯವರ ಪುಟದ ಕೆಳಗಿದ್ದ ಆ ಸಾಲು. ಮರುದಿನದ ಮೊದಲ ಬಸ್ಸಿಗೆ ಸವದತ್ತಿಗೆ ಹೋದೆ.

ಗೆಳೆಯ ಮನೆಯ ಮುಂದೆ ಹಲ್ಲುಜ್ಜುತ್ತಿದ್ದ. “ವಹಿ ನಿನ್ನೇನ ಕಳಿಸೇನಲ್ಲೊ,” ಎಂದ.

“ಕಿತ್ತೂರ ಅಕ್ಕೋರು ಏನ್ ಬರದಾರ?”

“ಎರಡನೇ ಮಗ್ಗುಲು ಬ್ಯಾಸರ ಬಂತಂತ. ನೀ ಹೊಗಳಿದ ಹಾಡು ಅವ್ರ ಕ್ಯಾಸೆಟ್ಟಿನ್ಯಾಗ ಇಲ್ಲಂತ, ಕೇಳಲಾರದ ಏನೂ ಹೇಳೂದಿಲ್ಲಂತ.”

“ಅದನ್ನ ಓದಿನೂ ನಿನಗೇನೂ ಅನಸಲಿಲ್ಲೇನು?”

“ಅವ್ರ ಟೇಪಿನ್ಯಾಗ ರೀಲ ಸಿಕ್ಕಿರಬೇಕು ಅನ್ಕೊಂಡೆ.”

ನಡೆದದ್ದನ್ನು ಹೇಳಿದೆ. ಬಾಯಲ್ಲಿದ್ದ ನೀರು ಉಗುಳಿ ಅವನು ಬಹಳ ಹೊತ್ತು ನಕ್ಕ. ಆಮೇಲೆ ಒಮ್ಮೆಲೇ ನಿಲ್ಲಿಸಿದ. “ಮತ್ತ ಅದನ್ನ ಕೇಳಿ ನಂಗ ಕಣ್ಣಾಗ ನೀರ ಬಂತು ಅಂತ ಬರದೇನಲ್ಲೊ ಮಾರಾಯಾ.”

“ಖರೇನ ಬಂದಿತ್ತೇನು?”

“ಎಲ್ಲಿ ಕೇಳೇನಿ ನಾ? ಪರೀಕ್ಷಾ ಇದ್ವಲ್ಲ. ನಿಂದು ಓದಿದ್ರ ಕೇಳಿದಂಗ ಆತು.”

ಹೋಗಿ ಹಿರಿಯರಿಗೆ ಹೇಳೋಣ ಬಾ ಎಂದೆ. ಅವನು ಬರಲಿಲ್ಲ. “ನೀ ಹೋಗು. ನಂದೂ ಸೇರಿಸಿ ಬೈಸ್ಕೊಂಡ್ ಬಾ. ಕೇಳಿಲ್ಲ ಅನ್ನೂದೊಂದು ಹೇಳಬ್ಯಾಡ,” ಎಂದ.

ರಾಮದುರ್ಗದಲ್ಲಿ ಹಿರಿಯರು ವಹಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದರು. ಇದು ನಿಜವೇ, ಅಥವಾ ನನ್ನ ಭಯ ಅವರನ್ನು ಹಾಗೆ ಕೂರಿಸಿದೆಯೇ, ಹೇಳಲಾರೆ. “ಈ ಹಾಡ ನನ್ನ ಕ್ಯಾಸೆಟ್ಟಿನ್ಯಾಗ ಇಲ್ಲ. ನಿಂದ ತಂದೀ?” ಎಂದರು. ಕೊಟ್ಟೆ. ಪೂರ್ತಿ ಮಗ್ಗುಲು ಕೇಳಿದರು. ಕೊನೆಯ ನಾಲ್ಕು ನಿಮಿಷ ಅವರ ಮುಖ ನೋಡಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

“ತಿದಿ ಸೋರತೈತಿ,” ಎಂದರು.

ಎಲ್ಲ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಪೆನ್ನು ಕೊಟ್ಟರು. ನನ್ನ ಪುಟಗಳ ಕೆಳಗೆ, ‘ಈ ಹಾಡು ಆ ತಂಡದ್ದಲ್ಲ, ನಮ್ಮೂರಿನ ಅಂಗಡಿಯವರದು’ ಎಂದು ಬರೆದೆ.

“ನೀ ಕೇಳೇ ಬರದಿ. ಆದ ಕಾರಣ ವಹಿ ನಿನ್ನ ಕಡೆ ಬರತೈತಿ,” ಎಂದರು. ಆಮೇಲೆ ಪುಟ ತಿರುವಿ, ಗೆಳೆಯನ ಅಕ್ಷರದ ಮೇಲೆ ಬೆರಳಿಟ್ಟರು. “ಈ ಸವದತ್ತಿಯಾಂವ? ಕೇಳ್ಯಾನೇನು?”

“ಹೂನ್ರಿ.”

“ಅತ್ತಾನೇನು?”

“ನನ್ನ ಮುಂದನ ರೀ.”

ಅವರು ವಹಿ ಮುಚ್ಚಿದರು. ಮೂರನೆಯ ಆಲ್ಬಂ ಕಿತ್ತೂರಿನವರಿಗೆ ಎಂದು ನಿರ್ಧರಿಸಿ, ನಿಮ್ಮೂರಿನಿಂದ ಒಂದೇ ಬಸ್ಸು, ನೀನೇ ಮುಟ್ಟಿಸು ಎಂದು ವಹಿಯ ಜೊತೆ ನನ್ನ ಕೈಗೇ ಕೊಟ್ಟರು. ಬೈಲಹೊಂಗಲದಲ್ಲಿ ಬಸ್ಸು ಬದಲಿಸುವಾಗ ಆ ಕ್ಯಾಸೆಟ್ಟು ಚೀಲದಲ್ಲಿತ್ತು. ಮನೆಗೆ ಐದು ನಿಮಿಷದ ದಾರಿ, ಹೋಗಿ ಮೊದಲು ನಾನೇ ಕೇಳಿಬಿಡಬಹುದಿತ್ತು. ಹೋಗಲಿಲ್ಲ. ಆ ದಿನ ಇನ್ನೊಂದು ತಪ್ಪಿಗೆ ನನ್ನಲ್ಲಿ ಜಾಗ ಇರಲಿಲ್ಲ.

ಎರಡು ಸಾವಿರದ ಇಸವಿಯ ನಂತರ, ಪೇಟೆಯ ಇಂಟರ್ನೆಟ್ ಅಂಗಡಿಯಲ್ಲಿ ಕುಳಿತು, ಆ ಆಲ್ಬಂ ಬಗ್ಗೆ ಯಾವ ಯಾವುದೋ ದೇಶದ ಕೇಳುಗರು ಬರೆದದ್ದನ್ನು ಓದಿದ್ದೇನೆ. ಸೋಲು ಎನ್ನುವವರಿದ್ದಾರೆ, ಬಾಗಿಲು ಎನ್ನುವವರಿದ್ದಾರೆ. ಮೊದಲ ಮಗ್ಗುಲು ಮುಗಿದಂತೆ ಅನಿಸುವುದಿಲ್ಲ ಎಂದು ಒಬ್ಬ ಬರೆದಿದ್ದ. ನನಗೂ ಇವತ್ತಿಗೂ ಅನಿಸುವುದಿಲ್ಲ.

ಕಿತ್ತೂರಿನ ಶಿಕ್ಷಕಿಯನ್ನು ನಾನು ಮೊದಲ ಸಲ ನೋಡಿದ್ದು ರಾಮದುರ್ಗದಿಂದ ಮರಳಿದ ಆ ಸಂಜೆ. ಬಾಗಿಲಲ್ಲೇ ನಿಂತು ವಹಿ ಬಿಚ್ಚಿದರು. ನನ್ನ ಕೊನೆಯ ಸಾಲು ಓದಿ, ತಮ್ಮ ಪುಟ ದಾಟಿ ಗೆಳೆಯನ ಪುಟಕ್ಕೆ ಹೋದರು.

“ಇವ್ರಿಗೆ ಪೇಟಿ ಕೇಳಿ ಖರೇನ ಅಳು ಬಂತೇನ್ರಿ?”

“ಬಂತ್ರಿ,” ಎಂದೆ. ಎರಡನೆಯ ಸಲ ಕಷ್ಟವಾಗಲಿಲ್ಲ. ಟೇಪ್ ರೆಕಾರ್ಡರ್ ಕಿಟಕಿಯಲ್ಲಿತ್ತು, ಅವನು ಹೊಸ್ತಿಲ ಮೇಲೆ ಕುಳಿತಿದ್ದ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ ಎಂದೂ ಸೇರಿಸಿದೆ.

ಅವನನ್ನು ನೆನೆದರೆ ಈಗ ಮೊದಲು ಕಾಣುವುದು ಅದೇ ಹೊಸ್ತಿಲು, ಅದೇ ತೋಳು.