ಹೂಳು ಹೊರುವ ರಾಣಿಯರ ಸಾಮ್ರಾಜ್ಯ

ನಮ್ಮ ಸಾಮ್ರಾಜ್ಯ ಕಟ್ಟುಕಥೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೊಂದು ಶಾಸನವಿಲ್ಲ, ನಾಣ್ಯವಿಲ್ಲ. ಅಮೆರಿಕದ ಮಾರಿಸ್‌ವಿಲ್‌ನಲ್ಲಿ ನಮ್ಮ ಟೌನ್‌ಹೌಸುಗಳ ಹಿಂದೆ ಮಳೆನೀರು ನಿಲ್ಲಲೆಂದು ತೋಡಿದ ಹೊಂಡವೊಂದಿದೆ, ಅದೇ ರಾಜಧಾನಿ. ಕಟ್ಟುಕಥೆಯಾದರೇನು? ನನ್ನ ಮಗಳ ಬಾಯಲ್ಲಿ ಕನ್ನಡ ಉಳಿದದ್ದು ಅದರಿಂದ. ಬೇರೆಯವರು ಬಂದು ಅದನ್ನು ಸುಳ್ಳು ಎಂದರೆ ನಾನು ಸುಮ್ಮನಿರುವವಳಲ್ಲ.

ಕೋವಿಡ್ಡಿಗೂ ಮೊದಲಿನ ದೀಪಾವಳಿಗೆ ಅವಳಿಗೆ ಎಂಟು ವರ್ಷ. ಕನ್ನಡ ಕೂಟದ ವೇದಿಕೆಯ ಮೇಲೆ ಒಂದು ಪದ್ಯ ಹೇಳಿದಳು. ಹುಟ್ಟಿದ್ದು ಇಲ್ಲೇ, ನಾಲಿಗೆಯೂ ಇಲ್ಲಿಯದೇ. ಪದಗಳೆಲ್ಲ ಅಮೆರಿಕದ ರಾಗದಲ್ಲಿ ಬಂದವು. ಸಭೆ ಗೊಳ್ಳೆಂದು ನಕ್ಕಿತು. "ಅಯ್ಯೋ, ಎಷ್ಟ್ ಕ್ಯೂಟ್!" ಎಂದು ಯಾರೋ ಕೂಗಿದರು. ಪ್ರೀತಿಯಿಂದಲೇ ನಕ್ಕರು, ಒಪ್ಪಿದೆ. ಪ್ರೀತಿಯಿಂದ ಚಿವುಟಿದರೂ ಕೆನ್ನೆ ಉರಿಯುತ್ತದಲ್ಲ? ಕಾರಿನಲ್ಲಿ ಸೀಟ್‌ಬೆಲ್ಟ್ ಹಾಕಿಕೊಳ್ಳುತ್ತ ಅವಳು, "ಐ ಆಮ್ ಡನ್, ಅಮ್ಮ. ನೋ ಮೋರ್ ಕನ್ನಡ" ಎಂದಳು. ಅಂದಿನಿಂದ ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು. ಗದಗಿನಿಂದ ನನ್ನ ಅಕ್ಕ ಫೋನ್ ಮಾಡಿದರೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಎರಡು ಸಾವಿರದ ಇಪ್ಪತ್ತರ ಬೇಸಿಗೆಯಲ್ಲಿ ಶಾಲೆಯೂ ಮನೆಯೊಳಗೆ, ನನ್ನ ಆಫೀಸೂ ಮನೆಯೊಳಗೆ. ಸಂಜೆಯಾದರೆ ಇಬ್ಬರೂ ಆ ಹೊಂಡದ ಸುತ್ತ ನಡೆಯುತ್ತಿದ್ದೆವು. ಅಲ್ಲಿನ ಹೆಬ್ಬಾತುಗಳಿಗೆ ಬಲು ಸೊಕ್ಕು. ಒಂದು ಸಂಜೆ ಅವುಗಳಲ್ಲೊಂದು ರೆಕ್ಕೆ ಬಿಚ್ಚಿಕೊಂಡು ನಮ್ಮ ಮೇಲೆಯೇ ಬಂತು. ನಾನು ಕಾಲಿನ ಚಪ್ಪಲಿ ಕೈಗೆತ್ತಿಕೊಂಡು, "ಬಾ ಮಗನ, ಬಾ, ಇವತ್ತ ನೀ ಇಲ್ಲಾ ನಾ ಇಲ್ಲಾ!" ಎಂದು ನಮ್ಮೂರ ದನಿಯಲ್ಲಿ ಅಬ್ಬರಿಸಿದೆ. ಅದು ಓಡಿತು. ಮಗಳು ಹುಲ್ಲಿನ ಮೇಲೆ ಬಿದ್ದು ನಕ್ಕಳು.

"ಅವ್ರು ಯಾರು ಅಂತ ತಿಳದಿ? ಶತ್ರು ಸೈನ್ಯ. ಈ ಕೆರೀ ಮ್ಯಾಲೆ ಕಣ್ಣು ಹಾಕ್ಯಾರ" ಎಂದೆ.

"ವೈ?"

"ಇಲ್ಲಿ ಇಂಗ್ಲಿಷ್ ನಡಿಯಂಗಿಲ್ಲವ್ವ. ಬಿಳಿಯರ ಹಡಗು ಇನ್ನೂ ಬಂದಿಲ್ಲ."

ಎದ್ದು ಬಟ್ಟೆಗಂಟಿದ ಹುಲ್ಲು ಕೊಡವಿಕೊಂಡಳು. ಆಮೇಲೆ ಮೆಲ್ಲಗೆ, "ಯಾಕೆ?" ಎಂದಳು. ಆ ಒಂದು ಮಾತಿಗೆ ನಾನು ಎಷ್ಟು ಕಾದಿದ್ದೆ ಎಂದು ಅವಳಿಗೆ ತೋರಗೊಡಲಿಲ್ಲ.

ಹೀಗೆ ಶುರುವಾಯಿತು ನಮ್ಮ ಇತಿಹಾಸ. ಮೊದಲ ರಾಣಿ ಕುರಿ ಕಾಯುವವಳು. ಬರಗಾಲದಲ್ಲಿ ಕೋಲಿನಿಂದ ನೆಲ ಕೆದಕಿ ನೀರು ಕಂಡಳು, ಏರಿ ಕಟ್ಟಿಸಿದಳು, ನೀರು ಬಿಡಲು ತೂಬು ಇಡಿಸಿದಳು. ಅವಳ ಕಾನೂನು ಒಂದೇ: ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳಿನ ಮೊದಲ ಬುಟ್ಟಿಯನ್ನು ಆಳುವವರೇ ಹೊರಬೇಕು. ಹೊರದಿದ್ದರೆ ಸಿಂಹಾಸನವಿಲ್ಲ. ಶತ್ರುಗಳು ಕುದುರೆಯೇರಿ ಬಂದಾಗ ರಾಣಿಯ ಕಡೆಯವರು ತೂಬು ತೆಗೆದರು; ಕುದುರೆಗಳೆಲ್ಲ ಕೆಸರಿನಲ್ಲಿ ಹೂತುಕೊಂಡವು. ಸೆರೆಸಿಕ್ಕವರನ್ನು ಏನು ಮಾಡುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಮಗಳೇ ಹೇಳಿದಳು: "ಅವರಿಗೂ ಬುಟ್ಟಿ ಕೊಡು. ಮಣ್ಣು ತಂದ್ರೆ ಅವರೂ ನಮ್ಮವರು." ಭಲೆ ನನ್ನ ಮಗಳೇ! ಇಲ್ಲಿ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ನಿಂತು ಸೊರಗಿದ ನನಗೆ ಆ ಕಾನೂನು ಬಹಳ ಹಿಡಿಸಿತು.

ಎರಡು ವರ್ಷದಲ್ಲಿ ಆ ವಂಶದಲ್ಲಿ ಎಷ್ಟೋ ರಾಣಿಯರು ಆಳಿ ಹೋದರು. ಹೊಂಡದ ಹತ್ತಿರ ಹರಿಯುವ ಕನ್ನಡವು ಮನೆಯ ಬಾಗಿಲಲ್ಲೇ ನಿಂತುಬಿಡುತ್ತಿತ್ತು, ಅದು ಬೇರೆ ಮಾತು. ಆದರೆ ಇಪ್ಪತ್ತೆರಡರ ರಾಜ್ಯೋತ್ಸವಕ್ಕೆ ಕೂಟದವರು ಮಕ್ಕಳ ನಾಟಕ ಕೇಳಿದಾಗ ಅವಳೇ, "ನಮ್ಮ ಸಾಮ್ರಾಜ್ಯ ಮಾಡೋಣ. ನಾನು ರಾಣಿ" ಎಂದಳು. ನಕ್ಕ ಸಭೆಯ ಮುಂದೆಯೇ! ಈ ಸಲ ಅವಳ ಮನಸ್ಸು ಮುರಿದರೆ ಮತ್ತೆ ಕೂಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕೂಟದ ಅಧ್ಯಕ್ಷರು ಮೈಸೂರಿನವರು, ಬಲು ಮೃದು. ನಾನು ಬರೆದುಕೊಟ್ಟ ನಾಟಕ ಓದಿ, ನಮ್ಮಿಬ್ಬರನ್ನೂ ತಮ್ಮ ಮನೆಗೆ ಕರೆಸಿ, ಕಾಫಿ ಕೊಟ್ಟು, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತು ತೆಗೆದರು. "ಸ್ಕ್ರಿಪ್ಟ್ ತುಂಬಾ ಚೆನ್ನಾಗಿದೆ. ಆದ್ರೆ ಇದ್ಯಾವ ರಾಜವಂಶ ಅಂತ ಜನ ಕೇಳ್ತಾರಲ್ವಾ? ಬೆಂಗಳೂರಿಂದ ಕಿರೀಟ, ಕತ್ತಿ ಎಲ್ಲ ತರಿಸಿದೀವಿ. ಯಾರಾದ್ರೂ ರಿಯಲ್ ರಾಜನ ಹೆಸರು ಹಾಕ್ಬಿಡಿ."

"ನಮ್ಮ ರಾಣಿ ಕಿರೀಟ ಹಾಕೊಳ್ಳಂಗಿಲ್ರಿ. ಹೂಳು ಹೊರ್ತಾಳ."

"ಅದೂ ಅಲ್ದೆ, ಪಾಪುದು ಪ್ರನನ್ಸಿಯೇಶನ್ ಸ್ವಲ್ಪ... ಮೇನ್ ರೋಲ್ ಬೇರೆ ಮಗೂಗೆ ಕೊಟ್ರೆ? ಹೋದ ವರ್ಷ ತಾನೆ ಬೆಂಗಳೂರಿಂದ ಬಂದಿರೋರು ಇದಾರೆ. ಇವಳು ಸೈನ್ಯದಲ್ಲಿ ನಿಂತ್ಕೊಳ್ಳಲಿ."

ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು. "ಈಕೀನ ರಾಣಿ. ಇಲ್ಲಂದ್ರ ನಾಟಕಾನೂ ಇಲ್ಲ. ನಿಮ್ಮ ಸ್ಟೇಜ್ ನಿಮಗ ಇರಲಿ, ನಾವು ಕೆರೀ ದಂಡ್ಯಾಗ ಆಡ್ತೀವಿ. ಹೆಬ್ಬಾತು ಕೂತು ನೋಡ್ತಾವ!" ಎಂದು ಎದ್ದೆ. ಕಾಫಿಯನ್ನೂ ಮುಗಿಸಲಿಲ್ಲ.

ಅಧ್ಯಕ್ಷರು ಬಾಗಿಲತನಕ ಬಂದರು. "ಅಯ್ಯೋ, ಬೇಜಾರ್ ಮಾಡ್ಕೋಬೇಡಿ ಮೇಡಂ. ಅವಳೇ ಮಾಡ್ಲಿ. ಶುರುನಲ್ಲಿ ಒಂದು ಪಟ್ಟಾಭಿಷೇಕ ಇರ್ಲಿ, ನಾನೇ ಕಿರೀಟ ಕೊಡ್ತೀನಿ. ಫೋಟೋಗೆ ಬೇಕು."

ನಾನು ಬಾಯಿ ತೆರೆಯುವ ಮೊದಲೇ ಮಗಳು, "ಓಕೆ, ಅಂಕಲ್" ಎಂದಳು. ದಾರಿಯುದ್ದಕ್ಕೂ ಅವಳ ಮೇಲೆ ಸಿಡಿಮಿಡಿಗೊಂಡೆ. ಅವಳು ಕಿಟಕಿಯಾಚೆ ನೋಡುತ್ತ, "ವೇಟ್ ಅಮ್ಮ" ಎಂದಳು, ಅಷ್ಟೇ.

ನಾಟಕದ ದಿನ ಹೊಂಡದ ದಂಡೆಯಿಂದ ನಿಜವಾದ ಕೆಸರನ್ನೇ ಬುಟ್ಟಿಗೆ ತುಂಬಿಸಿಕೊಂಡಳು. ಖಾಲಿ ಬುಟ್ಟಿ ಹೊತ್ತರೆ ನೋಡುವವರಿಗೆ ತಿಳಿದುಬಿಡುತ್ತದಂತೆ. ನಾನು ಪರದೆಯ ಮರೆಯಲ್ಲಿ ಸ್ಕ್ರಿಪ್ಟ್ ಹಿಡಿದು ನಿಂತೆ, ಮಾತು ಮರೆತರೆ ಹೇಳಿಕೊಡಲು. ಅಧ್ಯಕ್ಷರು ರೇಷ್ಮೆ ಪಂಚೆಯಲ್ಲಿ ಬಂದು ಕಿರೀಟವನ್ನು ಅವಳ ಕೈಗಿತ್ತು, ಫೋಟೋ ತೆಗೆಸಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಅವಳು ಕಿರೀಟವನ್ನು ತಿರುಗಿಸಿ ನೋಡಿ, ಕೆಸರಿನ ಬುಟ್ಟಿಯೊಳಗೆ ಒತ್ತಿ ಇಟ್ಟಳು. ಮೊಣಕಾಲೂರಿ ಬುಟ್ಟಿಯನ್ನು ತಲೆಗೇರಿಸಿಕೊಂಡು ಎದ್ದಳು. ಕೆಸರುನೀರು ಅವಳ ಹಣೆಯ ಮೇಲಿಂದ ಇಳಿಯಿತು.

"ನಾನು ಈ ಕೆರೀ ರಾಣಿ. ಮೊದಲ ಬುಟ್ಟಿ ನಾನು ಹೊರ್ತೀನಿ."

ಗದಗಿನ ಮಾತು, ಅಮೆರಿಕದ ರಾಗ. ಹಿಂದಿನ ಸಾಲುಗಳಿಂದ ನಗು ಎದ್ದಿತು. "ಸೋ ಕ್ಯೂಟ್!" ಎಂಬ ಅದೇ ಮಾತು ಮತ್ತೆ ಕೇಳಿಸಿತು. ಅವಳು ಮಾತು ನಿಲ್ಲಿಸಿದಳು. ಮರೆತಳೆಂದು ನಾನು ಪಿಸುದನಿಯಲ್ಲಿ ಮುಂದಿನ ಸಾಲು ಹೇಳಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ನಕ್ಕವರನ್ನೇ ನೋಡುತ್ತ, ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು ಹೇಳಿದಳು:

"ನಗಬೇಡಿ. ನಮ್ಮ ಸಾಮ್ರಾಜ್ಯದಲ್ಲಿ ಎಲ್ಲಾರೂ ಹಿಂಗೇ ಮಾತಾಡ್ತಾರ."