ಲೆಕ್ಕಕ್ಕೆ ಬಾರದ ಕಷಾಯ

ಏಪ್ರಿಲ್ ತಿಂಗಳ ಮಧ್ಯಾಹ್ನ. ಭದ್ರಾವತಿಯ ಬಿಸಿಲು ಹೇಗಿರುತ್ತದೆಂದು ಇಲ್ಲಿದ್ದವರಿಗೆ ಗೊತ್ತು. ಊಟಕ್ಕೆಂದು ವರ್ಕ್‌ಶಾಪಿನಿಂದ ಮನೆಗೆ ಬಂದರೆ, ಅಂದು ಕೆಲಸಕ್ಕೆ ವಾರದ ರಜೆಯಿದ್ದ ಹೆಂಡತಿ ಸ್ವೆಟರ್ ಹಾಕಿಕೊಂಡು ಕೂತಿದ್ದಳು.

"ಏನೇ ಇದು ವೇಷ?" ಎಂದು ನಕ್ಕೆ.

"ಚಳಿ ಆಗ್ತಿದೆ ರೀ," ಎಂದಳು. ಧ್ವನಿ ದಪ್ಪಗಾಗಿತ್ತು. ನೆಗಡಿ ಇರಬೇಕು ಅಂದುಕೊಂಡೆ. ಕೈ ಮುಟ್ಟಿ ನೋಡಿದೆ. ತಣ್ಣಗಿತ್ತು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಫ್ಯಾನ್ ಆರಿಸಿ ಊಟಕ್ಕೆ ಕೂತೆ.

ನನ್ನ ಹೆಂಡತಿಯ ಹೆಸರು ಸರೋಜ. ನಲವತ್ತೇಳು ವರ್ಷ. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಸೀರೆ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮಗಳು ಮದುವೆಯಾಗಿ ಹಾಸನ ಸೇರಿದ ಮೇಲೆ ಅಂಗಡಿಯೇ ಅವಳ ಇನ್ನೊಂದು ಮನೆ. "ನೀವು ಹೋದ್ಸಲ ತಂಗಿ ಮದ್ವೆಗೆ ಗಿಳಿಹಸಿರು ತಗೊಂಡಿದ್ರಲ್ಲಾ, ಅದೇ ಬಾರ್ಡರ್‌ದು ಬಂದಿದೆ ನೋಡಿ" ಎಂದು ಮೂರು ವರ್ಷದ ಹಿಂದಿನ ಗಿರಾಕಿಗೆ ಹೇಳುವವಳು. ಹೆಂಗಸರು ಅವಳ ಹೆಸರು ಹಿಡಿದು ಕೇಳಿಕೊಂಡು ಬರುತ್ತಾರೆ. ಆ ಹೆಮ್ಮೆ ಅವಳಿಗಿಂತ ನನಗೇ ಹೆಚ್ಚು.

ನಾನು ಟರ್ನರ್. ಕಬ್ಬಿಣ ಕಡೆಯುವ ಲೇತ್ ಮಿಷನ್ನಿನ ಮುಂದೆ ಮೂವತ್ತು ವರ್ಷ ನಿಂತಿದ್ದೇನೆ. ಒಂದು ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಶಾಫ್ಟು ಕೂರುವುದಿಲ್ಲ. ಹಾಗಾಗಿ ಅಳತೆಯ ವಿಷಯದಲ್ಲಿ ನನ್ನ ಕಟ್ಟುನಿಟ್ಟು ಸ್ವಲ್ಪ ಜಾಸ್ತಿಯೇ. ನನ್ನ ಕೈಯಲ್ಲಿ ತಪ್ಪಾಗುವುದಿಲ್ಲ ಎಂಬ ಜಂಬವೂ ಇತ್ತು. ಈ ಕಥೆ ಬರೆಯಲು ಆ ಜಂಬವೇ ಕಾರಣ.

ಸ್ವೆಟರಿನ ನಂತರ ಒಂದೊಂದೇ ಶುರುವಾಯಿತು. ಬಾಚಣಿಗೆ ತುಂಬ ಕೂದಲು. ಮುಖ ಊದಿತು. ಬಳೆ ತೆಗೆಯಲು ಸೋಪು ಬೇಕಾಯಿತು. ಕೂತಲ್ಲೇ ತೂಕಡಿಕೆ. ಕುಕ್ಕರಿಗೆ ಅಕ್ಕಿ ಹಾಕಿ ನೀರು ಮರೆಯುವುದು. "ವಯಸ್ಸಾಯ್ತು ಕಣೇ ಮಾರಾಯ್ತಿ" ಎಂದು ರೇಗಿಸಿದೆ. ಮೊದಲೆಲ್ಲ ತಿರುಗಿ ಎರಡು ಮಾತು ಕೊಡುತ್ತಿದ್ದವಳು ಸುಮ್ಮನೆ ನನ್ನ ಮುಖ ನೋಡಿದಳು. ಆ ನೋಟಕ್ಕೆ ಹೆದರಿ ಶಿವಮೊಗ್ಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಲೇಡಿ ಡಾಕ್ಟರು, ನಿಧಾನಕ್ಕೆ ಮಾತಾಡುವವರು. ಬ್ಲಡ್ ಟೆಸ್ಟ್ ಬರೆದರು.

ಟಿಎಸ್ಎಚ್ ಅರವತ್ತೆರಡು.

ನಾಲ್ಕೂವರೆ ಐದರೊಳಗೆ ಇರಬೇಕಂತೆ; ಥೈರಾಯ್ಡ್ ಸೋತಷ್ಟೂ ಈ ಅಂಕಿ ಏರುತ್ತದಂತೆ. ರಿಪೋರ್ಟನ್ನು ಎರಡೆರಡು ಸಲ ಓದಿದೆ. ಡಾಕ್ಟರು ಸಮಾಧಾನ ಹೇಳಿದರು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಮಾಡಬೇಕಾದಷ್ಟು ಕೆಲಸ ಮಾಡುತ್ತಿಲ್ಲ, ಅದು ಕೊಡಬೇಕಾದ ಹಾರ್ಮೋನನ್ನು ನಾವು ಮಾತ್ರೆಯಲ್ಲಿ ಕೊಡೋಣ, ಬಹುಶಃ ಜೀವನವಿಡೀ ಬೇಕಾಗುತ್ತದೆ, ಆದರೆ ಸರಿಯಾಗಿ ತೆಗೆದುಕೊಂಡರೆ ಎಲ್ಲರಂತೆ ಇರಬಹುದು ಎಂದರು. "ಬೆಳಿಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೆಗೆ. ಆಮೇಲೆ ಒಂದು ಗಂಟೆ ಕಾಫಿ, ಟೀ, ತಿಂಡಿ ಏನೂ ಬೇಡ. ಬೇರೆ ಮಾತ್ರೆ ಏನಾದ್ರೂ ತಗೋತೀರಾ?"

"ಏನೂ ಇಲ್ಲ ಮೇಡಂ," ಎಂದು ನಾನೇ ಉತ್ತರಿಸಿದೆ.

ಆ ದಿನ ಅದು ನಿಜವೂ ಆಗಿತ್ತು.

ಮಾರನೆಯ ದಿನದಿಂದ ಮಾತ್ರೆಯ ಜವಾಬ್ದಾರಿ ನನ್ನದು. ಅವಳಿಗೆ ಮರೆವು ಬೇರೆ, ಹೇಗೆ ಬಿಡುವುದು? ಸ್ಟ್ರಿಪ್ಪಿನ ಮೇಲೆ ಮಾರ್ಕರಿನಲ್ಲಿ ತಾರೀಕು ಬರೆದೆ. ಆರು ಗಂಟೆಗೆ ಅಲಾರಂ ಇಟ್ಟೆ. ಮನೆಗೆ ಕಾಫಿ ಪುಡಿ ತರುವುದನ್ನೇ ನಿಲ್ಲಿಸಿದೆ. ಅಡುಗೆಮನೆಯ ಕಡೆ ತಲೆ ಹಾಕದಿದ್ದವನು ನಾನೇ ಕಷಾಯ ಮಾಡಲು ಕಲಿತೆ.

ಕಷಾಯದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಅಮ್ಮ ತೀರ್ಥಹಳ್ಳಿ ಕಡೆಯವರು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಒಣಶುಂಠಿ ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿ, ಕೊನೆಗೆ ಗಟ್ಟಿ ಹಾಲು ಬೆರೆಸಿ ಕೊಡುತ್ತಿದ್ದರು. ಜ್ವರಕ್ಕೂ ಅದೇ, ಬಾಣಂತಿಗೂ ಅದೇ. ಉಪವಾಸದ ದಿನ ಏನೂ ತಿನ್ನದವರು ಕೂಡ ಕಷಾಯ ಕುಡಿಯುತ್ತಿದ್ದರು. ಅದು ಆಹಾರವಲ್ಲ, ಹೊಟ್ಟೆ ಖಾಲಿಯೇ ಎಂದು ನಮ್ಮ ಮನೆಯ ಲೆಕ್ಕ. ಡಾಕ್ಟರು ಖಾಲಿ ಹೊಟ್ಟೆ ಎಂದಾಗ, ಕಾಫಿ ಟೀ ಬೇಡ ಎಂದಾಗ, ಅದರಲ್ಲಿ ಕಷಾಯವೂ ಸೇರಿದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಬದಲಿಗೆ ಕಾಫಿ ಬಿಟ್ಟು ಕಷಾಯ ಹಿಡಿದದ್ದು ದೊಡ್ಡ ಸಾಧನೆ ಅನ್ನಿಸಿತು. ಬಿಸಿ ಕಷಾಯದ ಲೋಟ, ಪಕ್ಕದಲ್ಲಿ ಮಾತ್ರೆ. ದಿನಾ ಆರು ಗಂಟೆಗೆ, ನನ್ನ ಕೈಯಾರೆ.

ಕೂದಲು ಉದುರುವುದು ನಿಲ್ಲಲಿಲ್ಲವೆಂದು ಒಂದು ತಿಂಗಳಾದ ಮೇಲೆ ಮೆಡಿಕಲ್ ಶಾಪಿನಿಂದ ಒಂದು ಶಕ್ತಿ ಮಾತ್ರೆಯನ್ನೂ ತಂದೆ. ವಿಟಮಿನ್, ಐರನ್, ಕ್ಯಾಲ್ಶಿಯಂ ಎಲ್ಲ ಇರುವಂಥದ್ದು. ಅದನ್ನೂ ಅದೇ ಕಷಾಯದ ಜೊತೆ ಕೊಟ್ಟೆ. ಒಂದೇ ಸಲಕ್ಕೆ ಮುಗಿದುಹೋಗಲಿ ಅಂತ.

ಆರು ವಾರ ಬಿಟ್ಟು ಟೆಸ್ಟ್. ಐವತ್ತೈದು. ಡಾಕ್ಟರು ಐವತ್ತು ಮೈಕ್ರೋಗ್ರಾಂ ಮಾತ್ರೆಯನ್ನು ಎಪ್ಪತ್ತೈದಕ್ಕೆ ಏರಿಸಿದರು. ಮುಂದಿನ ಸಲ ಐವತ್ತೆಂಟು. ಮಾತ್ರೆ ನೂರಕ್ಕೆ ಹೋಯಿತು. ಅದರ ಮುಂದಿನ ಸಲ ಅರವತ್ತೇಳು. ಮಾತ್ರೆ ಏರಿಸಿದಷ್ಟೂ ಕಾಯಿಲೆಯೂ ಏರುತ್ತಿತ್ತು. ನೂರ ಇಪ್ಪತ್ತೈದು ಬರೆಯುವಾಗ ಡಾಕ್ಟರು ಪೆನ್ನು ನಿಲ್ಲಿಸಿ ಕೇಳಿದರು.

"ಸರೋಜ, ಮಾತ್ರೆ ದಿನಾ ತಗೋತಿದೀರಾ? ನಿಜ ಹೇಳಿ, ನಾನು ಬೈಯಲ್ಲ."

"ತಗೋತಿದೀನಿ ಮೇಡಂ."

"ಬೇರೆ ಏನಾದ್ರೂ?"

"ಏನೂ ಇಲ್ಲ ಮೇಡಂ," ಎಂದೆ ನಾನು. ಕಷಾಯ ಕಷಾಯ. ಶಕ್ತಿ ಮಾತ್ರೆ ಶಕ್ತಿ ಮಾತ್ರೆ. ಅವೆರಡೂ ನನ್ನ ಪ್ರಕಾರ 'ಬೇರೆ ಏನಾದ್ರೂ' ಆಗಿರಲಿಲ್ಲ.

ಡಾಕ್ಟರು ಅವಳನ್ನು ನೋಡಿದ ರೀತಿಯಿಂದ ನನ್ನ ತಲೆಗೆ ಹುಳ ಹೊಕ್ಕಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಿದ್ದಳು. ನಾನು ಲೆಕ್ಕ ಹಾಕುತ್ತಿದ್ದೆ. ಮಾತ್ರೆ ಒಳ್ಳೆ ಕಂಪನಿಯದ್ದು. ಕೊಡುವವನು ನಾನು. ಟೈಮು ತಪ್ಪಿಲ್ಲ. ಹಾಗಾದರೆ ತಪ್ಪು ಎಲ್ಲಿದೆ? ಉಳಿದವಳು ಅವಳೊಬ್ಬಳೇ.

ಮಾರನೆಯ ದಿನ, ಅವಳು ಉಗುಳಿದ ಮಾತ್ರೆ ಸಿಗಬಹುದೆಂದು ಹಾಸಿಗೆಯ ಕೆಳಗೆ ಹುಡುಕಿದೆ. ಬಚ್ಚಲಲ್ಲಿ ನೋಡಿದೆ. ತುಳಸಿ ಕಟ್ಟೆಯ ಮಣ್ಣು ಕೆದಕಿದೆ. ಏನೂ ಸಿಗಲಿಲ್ಲ. ಸಿಗದಿದ್ದರೂ ಅನುಮಾನ ಹೋಗಲಿಲ್ಲ. ಒಂದು ಬೆಳಿಗ್ಗೆ ಅವಳು ಮಾತ್ರೆ ನುಂಗಿ ಲೋಟ ಕೆಳಗಿಟ್ಟಾಗ ಹೇಳಿಯೇಬಿಟ್ಟೆ.

"ಬಾಯಿ ತೆಗಿ."

ಅವಳು ಬಾಯಿ ತೆರೆದಳು. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. "ನಾಲಿಗೆ ಎತ್ತು" ಎಂದೆ. ಎತ್ತಿದಳು. ಜಗಳವಾಡಲಿಲ್ಲ, ಅಳಲಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳ ಬಾಯೊಳಗೆ ಟಾರ್ಚ್ ಹಿಡಿದು ಕಳ್ಳಮಾಲು ಹುಡುಕಿದ ಗಂಡ ನಾನು. ಒಂದು ದಿನವಲ್ಲ. ಸುಮಾರು ಒಂದು ತಿಂಗಳು. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಆ ತಿಂಗಳಲ್ಲೇ ಅಂಗಡಿಯಿಂದ ಫೋನ್ ಬಂತು. ಯಜಮಾನರೇ ಮಾಡಿದ್ದರು. ಯಾರೋ ಮದುವೆಯ ರೇಷ್ಮೆ ಸೀರೆ ಕೊಂಡು, ಬ್ಲೌಸ್ ಪೀಸ್ ಬೇರೆ ಮಾಡಿಕೊಡಿ ಎಂದಿದ್ದಾರೆ. ಸರೋಜ ಕತ್ತರಿ ತೆಗೆದುಕೊಂಡು ಸೆರಗಿನ ಕಡೆ ಕತ್ತರಿಸಿಬಿಟ್ಟಿದ್ದಾಳೆ.

ಸೆರಗು ಎರಡು ತುಂಡು.

"ಬೈದಿಲ್ಲ ನಾನು," ಎಂದರು ಯಜಮಾನರು. "ಅವರು ಕತ್ತರಿ ಹಿಡ್ಕೊಂಡು ಹಂಗೇ ನಿಂತ್ಬಿಟ್ರು. ಏನಾಯ್ತು ಅಂತ್ಲೇ ಗೊತ್ತಾಗ್ಲಿಲ್ಲ ಅವರಿಗೆ. ಸ್ವಲ್ಪ ದಿನ ಮನೇಲಿರ್ಲಿ ಬಿಡಿ."

ಮನೆಗೆ ಬಂದವಳು ಬ್ಯಾಗ್ ಇಟ್ಟು, "ನಾಳೆಯಿಂದ ಹೋಗಲ್ಲ ರೀ. ನನ್ ಕೈಲಾಗಲ್ಲ" ಎಂದಳು. ಹದಿನಾಲ್ಕು ವರ್ಷ ಜ್ವರ ಬಂದರೂ ರಜೆ ಹಾಕದವಳು. ಆ ವಾರ ಅವಳು ಎದ್ದದ್ದಕ್ಕಿಂತ ಮಲಗಿದ್ದೇ ಹೆಚ್ಚು. ಶನಿವಾರ ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚಿದಳು. ಪಕ್ಕದ ಮನೆಯವರ ಕಾರಿನಲ್ಲಿ ಶಿವಮೊಗ್ಗಕ್ಕೆ ಓಡಿದೆ. ಪಲ್ಸ್ ನಲವತ್ನಾಲ್ಕು. ಇಸಿಜಿ ಮಾಡಿ ಅಡ್ಮಿಟ್ ಮಾಡಿಕೊಂಡರು. ಟಿಎಸ್ಎಚ್ ಎಂಬತ್ತು ದಾಟಿತ್ತು.

"ಇನ್ನೊಂದಿಷ್ಟು ದಿನ ಬಿಟ್ಟಿದ್ರೆ ಕೋಮಾಗೆ ಹೋಗೋ ಸಾಧ್ಯತೆ ಇತ್ತು," ಎಂದರು ಡಾಕ್ಟರು.

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಅವರು ಇನ್ನೂ ಏನೇನೋ ಹೇಳಿದರು. ಕಿವಿಗೆ ಹೋಗಲಿಲ್ಲ.

ಎರಡು ದಿನ ಡ್ರಿಪ್ಪಿನಲ್ಲೇ ಔಷಧ, ಮೇಲೆ ದಪ್ಪ ಕಂಬಳಿ. ಸ್ವಲ್ಪ ಚೇತರಿಸಿಕೊಂಡಳು. ಮೂರನೆಯ ದಿನ, ಇನ್ನು ಮನೆಯ ಹಾಗೆಯೇ ಮಾತ್ರೆ ಶುರು ಮಾಡಬಹುದು ಎಂದಿದ್ದರು. ನಾನು ಹಿಂದಿನ ಸಂಜೆ ಮನೆಗೆ ಬಂದಿದ್ದವನು ಬೆಳಿಗ್ಗೆ ಕಷಾಯ ಮಾಡಿ, ಫ್ಲಾಸ್ಕಿಗೆ ತುಂಬಿ, ಶಕ್ತಿ ಮಾತ್ರೆ ಜೇಬಿಗೆ ಹಾಕಿಕೊಂಡು ಮೊದಲ ಬಸ್ ಹಿಡಿದೆ. ವಾರ್ಡಿಗೆ ಹೋಗುವಷ್ಟರಲ್ಲಿ ಸಿಸ್ಟರ್ ಮಾತ್ರೆಯನ್ನೂ ನೀರನ್ನೂ ಹಿಡಿದು ನಿಂತಿದ್ದರು.

"ಸಿಸ್ಟರ್, ಒಂದ್ನಿಮಿಷ. ಕಷಾಯ ತಂದಿದೀನಿ, ಇದ್ರಲ್ಲೇ ಕೊಡಿ. ದಿನಾ ಹಂಗೇ ತಗೊಳೋದು."

ಸಿಸ್ಟರ್ ನನ್ನನ್ನು ನೋಡಿದರು. ಫ್ಲಾಸ್ಕ್ ನೋಡಿದರು.

"ಹಾಲು ಹಾಕಿದೀರಾ?"

"ಹಾಲಿಲ್ದೆ ಎಂಥಾ ಕಷಾಯ?"

"ಕೈಯಲ್ಲಿರೋದು ಏನದು?"

"ಶಕ್ತಿ ಮಾತ್ರೆ. ಇದನ್ನೂ ಜೊತೆಗೇ ಕೊಡ್ತೀನಿ."

ಅವರು ಸ್ಟ್ರಿಪ್ ತಿರುಗಿಸಿ ಓದಿದರು. ಅದನ್ನು ತೆಗೆದುಕೊಂಡು ಡಾಕ್ಟರ ಕೋಣೆಗೆ ಹೋದರು. ಐದೇ ನಿಮಿಷಕ್ಕೆ ಡಾಕ್ಟರು ಬಂದರು.

"ಎಷ್ಟು ದಿನದಿಂದ ಹೀಗೆ ಕೊಡ್ತಿದೀರಾ?"

"ಮೊದಲ ದಿನದಿಂದ ಮೇಡಂ."

ಅವರು ಮಂಚದ ಅಂಚಿನಲ್ಲಿ ಕೂತು ಬಿಡಿಸಿ ಹೇಳಿದರು. ಥೈರಾಯ್ಡ್ ಮಾತ್ರೆಯನ್ನು ಐರನ್, ಕ್ಯಾಲ್ಶಿಯಂ ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಹಾಲೂ ಅದಕ್ಕೆ ಸೇರಿಕೊಳ್ಳುತ್ತದೆ. ಮಾತ್ರೆ ನುಂಗಿದರೂ ಅದರ ಬಹುಪಾಲು ರಕ್ತಕ್ಕೆ ಹೋಗುವುದಿಲ್ಲ.

"ಇವರು ಮಾತ್ರೆ ತಗೊಂಡಿದಾರೆ," ಎಂದರು ಡಾಕ್ಟರು. "ಒಂದೂ ತಪ್ಪಿಸಿಲ್ಲ. ನಾನು ಕಷಾಯ ಅಂತ ಹೆಸರು ಹೇಳಿ ಕೇಳ್ಬೇಕಿತ್ತು. ಕೇಳ್ಲಿಲ್ಲ, ಅದು ನನ್ನ ತಪ್ಪು."

ಆರು ತಿಂಗಳು ನನ್ನ ಹೆಂಡತಿಗೆ ಔಷಧ ಸಿಗದ ಹಾಗೆ ಮಾಡಿದವನು ನಾನೇ.

ಫ್ಲಾಸ್ಕ್ ಹಿಡಿದುಕೊಂಡು ಕಾರಿಡಾರಿಗೆ ಬಂದು ಅತ್ತುಬಿಟ್ಟೆ. ಅಷ್ಟು ಜನ ಓಡಾಡುವ ಜಾಗದಲ್ಲಿ, ಹೆಂಗಸರ ಎದುರಿಗೆ, ನಾಚಿಕೆಯಿಲ್ಲದೆ ಅತ್ತೆ. ದ್ವೇಷದಿಂದ ಮಾಡಿದ್ದರೆ ಎಲ್ಲಾದರೂ ಒಂದು ದಿನ ತಪ್ಪುತ್ತಿತ್ತೋ ಏನೋ. ಪ್ರೀತಿಯಿಂದ ಮಾಡಿದ್ದೆ, ಒಂದು ದಿನವೂ ತಪ್ಪಿಸಿರಲಿಲ್ಲ.

ಡಿಸ್ಚಾರ್ಜ್ ಆಗುವಾಗ ಡೋಸ್ ಎಪ್ಪತ್ತೈದಕ್ಕೆ ಇಳಿಸಿದರು. ಇನ್ನು ಪೂರ್ತಿ ಮಾತ್ರೆ ಒಳಗೆ ಹೋಗುತ್ತದಲ್ಲ, ನೂರ ಇಪ್ಪತ್ತೈದು ಹೃದಯಕ್ಕೆ ಭಾರವಾದೀತು ಎಂದರು. ಬರೀ ನೀರಿನಲ್ಲಿ ಮಾತ್ರೆ. ಕಷಾಯ ಒಂದು ಗಂಟೆಯ ನಂತರ. ಬ್ಲಡ್ ಟೆಸ್ಟಿನಲ್ಲಿ ನಿಜವಾಗಿ ಕಡಿಮೆ ಇದ್ದದ್ದು ವಿಟಮಿನ್ ಡಿ ಒಂದೇ, ಅದಕ್ಕೆ ವಾರಕ್ಕೊಂದು ಕ್ಯಾಪ್ಸೂಲ್, ಮಧ್ಯಾಹ್ನದ ಊಟದ ಮೇಲೆ. ನಾನು ತಂದ ಶಕ್ತಿ ಮಾತ್ರೆಯ ಅಗತ್ಯವೇ ಇರಲಿಲ್ಲ.

ಆರು ವಾರಕ್ಕೆ ಟಿಎಸ್ಎಚ್ ಇಪ್ಪತ್ತೊಂದಕ್ಕೆ ಬಂತು. ಮತ್ತೆ ಆರು ವಾರಕ್ಕೆ ಏಳು. ಕಳೆದ ವಾರ ನಾಲ್ಕು ಪಾಯಿಂಟ್ ಒಂದು. ಮುಖದ ಊತ ಇಳಿದಿದೆ. ಧ್ವನಿ ವಾಪಸ್ ಬಂದಿದೆ, ಬೈಗುಳವೂ ಬಂದಿದೆ. ಯಜಮಾನರು ಸದ್ಯಕ್ಕೆ ಅರ್ಧ ದಿನ ಬನ್ನಿ ಎಂದಿದ್ದಾರೆ. ಅವಳು ಹೋಗುತ್ತಿದ್ದಾಳೆ. ಬ್ಲೌಸ್ ಪೀಸ್ ಕತ್ತರಿಸುವ ಕೆಲಸ ಮಾತ್ರ ಇನ್ನೂ ಬೇರೆಯವರಿಗೆ ಕೊಡುತ್ತಾಳೆ. ಬೇಗ ಸುಸ್ತಾಗುತ್ತಾಳೆ. ಮುಂದೆ ಏರಬಹುದು, ಇಳಿಯಬಹುದು, ಟೆಸ್ಟ್ ಮಾಡಿಸುತ್ತಲೇ ಇರಬೇಕು. ಇಷ್ಟಾದರೂ ಆಯಿತಲ್ಲ, ಆ ಸಿಸ್ಟರ್ ಕಣ್ಣಿಗೆ ಫ್ಲಾಸ್ಕ್ ಬಿತ್ತಲ್ಲ, ಅದೇ ನಮ್ಮ ಪುಣ್ಯ.

ರಿಪೋರ್ಟ್ ಬಂದ ದಿನ ಸಂಜೆ ಧೈರ್ಯ ಮಾಡಿ ಬಾಯಿ ಬಿಟ್ಟೆ.

"ಸರೋಜಾ, ನಿನ್ನ ಬಾಯಿ ತೆಗೆಸಿ ನೋಡಿದ್ನಲ್ಲ. ತಪ್ಪಾಯ್ತು ಕಣೇ. ನಿನ್ನ ನಂಬಬೇಕಿತ್ತು."

ಅವಳು ಅವರೆಕಾಳು ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನೀವು ನಂಬ್ಲಿಲ್ಲ ಅಂತಲ್ಲ ರೀ. ನನಗೇ ನನ್ ಮೇಲೆ ನಂಬಿಕೆ ಹೋಗಿತ್ತು. ಅಷ್ಟು ಮರೀತಿದ್ನಲ್ಲ, ನಿಜವಾಗ್ಲೂ ಎಲ್ಲೋ ಉಗುಳಿ ಮರೆತುಬಿಡ್ತಿದೀನೇನೋ ಅಂದ್ಕೊಂಡಿದ್ದೆ. ನೀವು ಕೆಲಸಕ್ಕೆ ಹೋದ್ಮೇಲೆ ನಾನೂ ಹುಡುಕ್ತಿದ್ದೆ. ಹಾಸಿಗೆ ಕೆಳಗೆ, ಬಚ್ಚಲಲ್ಲಿ."

ಅವಳ ಪಕ್ಕದಲ್ಲಿ ಕೂತು ನಾನೂ ಅವರೆಕಾಳು ಸುಲಿದೆ.

ಈಗ ಮಾತ್ರೆ ಅವಳ ತಲೆದಿಂಬಿನ ಹತ್ತಿರ ಇರುತ್ತದೆ. ಅವಳೇ ಏಳುತ್ತಾಳೆ, ಅವಳೇ ತೆಗೆದುಕೊಳ್ಳುತ್ತಾಳೆ. ತಗೊಂಡೆಯಾ ಎಂದು ನಾನು ಕೇಳುವುದಿಲ್ಲ.