ಪಕ್ಕದ ಮನೆಯ ಆಲಿವ್ ಕಾಯಿ

ಕಳೆದ ವಾರ ಅಡುಗೆಮನೆಯಲ್ಲಿ ಹವೀಜ, ಅಂದರೆ ಕೊತ್ತಂಬರಿ ಬೀಜ, ಕುಟ್ಟುತ್ತಿದ್ದೆ. ಪಕ್ಕದಲ್ಲಿ ಹೆಚ್ಚಿಟ್ಟ ನಿಂಬೆಹಣ್ಣು, ಜಜ್ಜಿದ ಬೆಳ್ಳುಳ್ಳಿ. ಮೂರರ ವಾಸನೆ ಕೂಡಿದ್ದೇ ತಡ, ಲಂಡನ್ನಿನ ರೇನರ್ಸ್ ಲೇನ್‌ನಲ್ಲಿದ್ದ ನಮ್ಮ ಹಳೆಯ ಮನೆಯ ಪಕ್ಕದವರು ನೆನಪಾದರು... ಅವರ ಮೇಲೆ ನನಗಿದ್ದ ಹೊಟ್ಟೆಕಿಚ್ಚೂ ನೆನಪಾಯಿತು.

ತೊಂಬತ್ತರ ದಶಕದ ಮಾತು. ಧಾರವಾಡದಿಂದ ಬಂದ ನಾನೂ ನನ್ನ ಗಂಡನೂ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಡಾಕ್ಟರುಗಳಾಗಿದ್ದೆವು. ಮಗಳು ಕೂಸಾಗಿದ್ದಾಗ ದಿನವಿಡೀ, ಶಾಲೆ ಸೇರಿದ ಮೇಲೆ ಸಂಜೆ ಹೊತ್ತು, ಅವಳನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಮನೆಯವರು. ಸೈಪ್ರಸ್ ಮೂಲದವರು, ಗಂಡ ತೀರಿದ್ದರು, ಮಕ್ಕಳಿರಲಿಲ್ಲ. ಬಹಳ ವರ್ಷ ಬಟ್ಟೆ ಅಂಗಡಿ ನಡೆಸಿದ್ದ ಠೀವಿಯ ಹೆಂಗಸು. ಮಗಳು ಅವರನ್ನು ‘ಯಾಯಾ’ ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ. ಧಾರವಾಡದ ಅಜ್ಜಿ ಫೋನ್ ಮಾಡಿದರೆ ಬರೀ ‘ಹಲೋ’.

ಅಕ್ಟೋಬರ್ ಬಂತೆಂದರೆ ಸೈಪ್ರಸ್‌ನಲ್ಲಿದ್ದ ಅವರ ತಮ್ಮನ ತೋಟದಿಂದ ಹಸಿ ಆಲಿವ್ ಕಾಯಿಗಳ ಪೆಟ್ಟಿಗೆ ಬರುತ್ತಿತ್ತು. ನಾನು ಡ್ಯೂಟಿ ಮುಗಿಸಿ ಮಗಳನ್ನು ಕರೆತರಲು ಹೋದರೆ ಇಬ್ಬರೂ ಕೂತು ಕಲ್ಲಿನಿಂದ ಕಾಯಿ ಜಜ್ಜುತ್ತಿದ್ದರು. ಕಹಿ ಇಳಿಯುವವರೆಗೆ ದಿನವೂ ನೀರು ಬದಲಿಸಿ, ಆಮೇಲೆ ಉಪ್ಪುನೀರಿಗೆ ಹಾಕುವುದು. ತಿನ್ನುವಾಗ ಕುಟ್ಟಿದ ಹವೀಜ, ಬೆಳ್ಳುಳ್ಳಿ, ನಿಂಬೆಹಣ್ಣು ಬೆರೆಸುವುದು. ಬೇಗ ಕಿತ್ತ ಹಸಿರು ಕಾಯಿ ಗಟ್ಟಿ. ಅದರಲ್ಲಿ ಎಣ್ಣೆ ಕಡಿಮೆ, ಆದರೆ ಆ ಎಣ್ಣೆ ಗಂಟಲಲ್ಲಿ ಮೆಣಸಿನಂತೆ ಚುರುಗುಟ್ಟುತ್ತದೆ. ಮರದಲ್ಲೇ ಕಪ್ಪಾಗಲು ಬಿಟ್ಟರೆ ಎಣ್ಣೆ ಹೆಚ್ಚು, ಘಮ ಕಡಿಮೆ. ತಿರುಳು ದಪ್ಪಗಿರುವ ಜಾತಿ ತಿನ್ನಲಿಕ್ಕೆ, ಸಣ್ಣ ಕಾಯಿಯದು ಎಣ್ಣೆಗೆ. ಇದನ್ನೆಲ್ಲ ನನಗೆ ಹೇಳಿದವಳು ನನ್ನ ಮಗಳೇ. ನಾನು ಕಲಿಸಿದ ಕನ್ನಡ ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅವರು ಹೇಳಿದ್ದನ್ನು ಒಂದಕ್ಷರ ಮರೆಯುತ್ತಿರಲಿಲ್ಲ.

ಒಮ್ಮೆ ನಾನೂ ಸೂಪರ್‌ಮಾರ್ಕೆಟ್ಟಿನಿಂದ ಮಿರಮಿರ ಮಿಂಚುವ ಕಪ್ಪು ಆಲಿವ್‌ಗಳ ಡಬ್ಬಿ ತಂದೆ.

“ತೊಗೊ, ನಿನಗಂತನ ತಂದೇನಿ,” ಎಂದೆ.

ಅವಳು ಒಂದನ್ನು ಕಚ್ಚಿ ತಟ್ಟೆಯಂಚಿಗೆ ಇಟ್ಟಳು. ಎಂದಿನಂತೆ ಇಂಗ್ಲಿಷಿನಲ್ಲೇ ಹೇಳಿದಳು: “ಇವು ಮರದಲ್ಲಿ ಕಪ್ಪಾದವಲ್ಲ ಅಮ್ಮಾ. ಹಸಿರಿದ್ದಾಗಲೇ ಕಿತ್ತು, ಆಮೇಲೆ ಕಪ್ಪು ಮಾಡಿದ್ದು. ಯಾಯಾ ಹೇಳಿದ್ದಾರೆ.”

ಡಬ್ಬಿಯನ್ನು ನಾನೊಬ್ಬಳೇ ಖಾಲಿ ಮಾಡಿದೆ. ನಿಜಕ್ಕೂ ಅದರಲ್ಲಿ ರುಚಿಯೇ ಇರಲಿಲ್ಲ. ಅದು ಇನ್ನಷ್ಟು ಉರಿಸಿತು.

ಮಗಳು ಹೈಸ್ಕೂಲಿನಲ್ಲಿದ್ದಾಗ, ಅಕ್ಟೋಬರ್ ರಜೆಗೆ ಅವಳನ್ನು ಕೊಯ್ಲಿಗೆ ಸೈಪ್ರಸ್‌ಗೆ ಕರೆದೊಯ್ಯಲೇ ಎಂದು ಅವರು ಕೇಳಿದರು.

“ಕಳಸೂಣು ಬಿಡು. ಎಷ್ಟು ಆಸೆ ಪಟ್ಟಾಳ ನೋಡು,” ಎಂದರು ನನ್ನವರು.

ಕಳಿಸಿದೆವು. ಅವಳ ಜೊತೆಗಿರಬೇಕೆಂದು ನಾನು ಆ ವಾರವೇ ಆಸ್ಪತ್ರೆಗೆ ರಜೆ ಹಾಕಿದ್ದೆ. ಖಾಲಿ ಮನೆಯಲ್ಲಿ ಪರದೆಗಳನ್ನು ಒಗೆದೆ, ಒಣಗಿಸಿದೆ, ಮತ್ತೆ ನೇತುಹಾಕಿದೆ. ಬಿಸಿಲಿಗೆ ಕಪ್ಪಾಗಿ, ನಗುತ್ತ ಮರಳಿದ ಹುಡುಗಿ ಮೊದಲು ಹೊಕ್ಕಿದ್ದು ಅವರ ಮನೆಯನ್ನು, ಅವರ ಪೆಟ್ಟಿಗೆ ಒಳಗಿಡಲು.

ಅವಳು ಯೂನಿವರ್ಸಿಟಿಯಲ್ಲಿದ್ದಾಗ ಅವರು ತೀರಿಕೊಂಡರು. ಚರ್ಚಿನಲ್ಲಿ ಅವರ ಬಂಧುಗಳೆಲ್ಲ ನನ್ನ ಮಗಳನ್ನೇ ತಬ್ಬಿ ಸಮಾಧಾನ ಮಾಡುತ್ತಿದ್ದರು. ನಾನು ಅವಳ ಕೋಟು ಹಿಡಿದು ಹಿಂದೆ ನಿಂತಿದ್ದೆ. ನಾನು ಹೋದಾಗ ಇವಳು ಹೀಗೆ ಅತ್ತಾಳೇ ಎಂದು ಅಲ್ಲೂ ಮನಸ್ಸು ಕೇಳಿತು.

ಈಗ ಮಗಳಿಗೂ ಒಂದು ಮಗು. ಮೊನ್ನೆ ಅದು ಸಂಜೆಯೆಲ್ಲ ರಚ್ಚೆ ಹಿಡಿದಾಗ ಅವಳು ಕೇಳಿದಳು, “ನಾನೂ ಸಂಜೆ ಹೀಗೇ ಇದ್ದೆನಾ ಅಮ್ಮಾ? ಏನು ಮಾಡಿದರೆ ಸುಮ್ಮನಾಗ್ತಿದ್ದೆ?”

ಆ ಸಂಜೆಗಳನ್ನು ಕಂಡವರು ಪಕ್ಕದ ಮನೆಯವರೊಬ್ಬರೇ. ಕೇಳಿ ಹೇಳೋಣವೆಂದರೆ ಅವರಿಲ್ಲ.